ಹೆಸರು ಮರೆತ ಕಥೆಯ ಬೆನ್ನು ಹತ್ತಿ

‘ಅದೊಂದು ಕಾದಂಬರಿ. ಬಿಡದೆ ಮಳೆ ಸುರಿಯುವ ಗ್ರಹ. ಶಾಲೆಯ ಮಕ್ಕಳೆಲ್ಲ ಸೇರಿ ಒಬ್ಬ ಹುಡುಗಿಯನ್ನು ಕೂಡಿಹಾಕುತ್ತಾರೆ. ಆಮೇಲೆ ಅವಳಿಗೆ ಹೂವು ತಂದುಕೊಡುತ್ತಾರೆ. ಬರೆದವರು ಯಾರೋ, ಹೆಸರೇನೋ ನೆನಪಿಲ್ಲ.’

ಇಂಗ್ಲಿಷ್ ವೈಜ್ಞಾನಿಕ ಕಥೆಗಳಲ್ಲಿ ಪಳಗಿದವರಿಗೆ ಇಷ್ಟು ಹೇಳಿದರೆ ಸಾಕು. ಅದು ರೇ ಬ್ರಾಡ್‌ಬರಿಯ ‘ಆಲ್ ಸಮ್ಮರ್ ಇನ್ ಎ ಡೇ’. ಶುಕ್ರಗ್ರಹದಲ್ಲಿ ಏಳು ವರ್ಷಕ್ಕೊಮ್ಮೆ ಸ್ವಲ್ಪ ಹೊತ್ತು ಬಿಸಿಲು. ಅದಕ್ಕಾಗಿಯೇ ಕಾದಿದ್ದ ಹುಡುಗಿ ಆ ಹೊತ್ತಿನಲ್ಲಿ ಕತ್ತಲೆಯಲ್ಲಿ. ಆದರೆ ಅದು ಕಾದಂಬರಿಯಲ್ಲ, 1954ರಲ್ಲಿ ಪತ್ರಿಕೆಯಲ್ಲಿ ಬಂದ ಪುಟ್ಟ ಕಥೆ. ಹೂವಿನ ಪ್ರಸಂಗವಂತೂ ಕಥೆಯಲ್ಲೇ ಇಲ್ಲ. ಅದು ಇರುವುದು 1982ರ ಟಿ.ವಿ. ಚಿತ್ರದಲ್ಲಿ. ಓದಿದ್ದೂ ನೋಡಿದ್ದೂ ನೆನಪಿನಲ್ಲಿ ಕಲೆತುಹೋಗಿವೆ. ನುರಿತವರು ಇಂಥ ತಪ್ಪನ್ನು ತಳ್ಳಿಹಾಕುವುದಿಲ್ಲ. ಹೂವು ಎಂದ ಕೂಡಲೇ ಕೇಳಿದವರು ಚಿತ್ರವನ್ನೂ ನೋಡಿದ್ದಾರೆಂದು ಅವರಿಗೆ ಗೊತ್ತಾಗುತ್ತದೆ.

ಅರೆಮರೆತ ಪುಸ್ತಕವನ್ನು ಗುರುತಿಸಿಕೊಡುವುದು ನಿಜವಾದ ಕಸುಬು. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಹುಡುಕಲು ಲೇಖಕರ ಹೆಸರೋ ಶೀರ್ಷಿಕೆಯೋ ಬೇಕು. ಓದುಗರ ಬಳಿ ಉಳಿದಿರುವುದು ಮಳೆಯ ಸದ್ದು ಮಾತ್ರ. ಈ ತೊಡಕು ಬಿಡಿಸಲು ದುಡಿದವರಲ್ಲಿ ಅಮೆರಿಕದ ಎವೆರೆಟ್ ಬ್ಲೈಲರ್ ಬಗ್ಗೆ ನನಗೆ ಅಪಾರ ಗೌರವ. 1990ರಲ್ಲಿ ಬಂದ ಅವರ ‘ಸೈನ್ಸ್-ಫಿಕ್ಷನ್: ದಿ ಅರ್ಲಿ ಇಯರ್ಸ್’ ಗ್ರಂಥದಲ್ಲಿ 1930ರವರೆಗಿನ 3000ಕ್ಕೂ ಹೆಚ್ಚು ಕಥೆ, ಕಾದಂಬರಿಗಳ ಸಾರವಿದೆ. ಜೊತೆಗೊಂದು ಸೂಚಿ. ನಮ್ಮ ಜಾನಪದ ವಿದ್ವಾಂಸರು ‘ಆಶಯ’ ಎನ್ನುತ್ತಾರಲ್ಲ, ಕಥೆಯಿಂದ ಕಥೆಗೆ ಮರಳಿ ಬರುವ ಆ ಎಳೆಗಳದೇ ಸೂಚಿ. ಮಂಗಳನ ಜೀವಿಗಳು, ಅದೃಶ್ಯರಾಗುವ ಮನುಷ್ಯರು, ಹೀಗೆ ನೆನಪಿರುವ ಎಳೆ ಹಿಡಿದು ಮರೆತ ಹೆಸರನ್ನು ತಲುಪಬಹುದು. ಅಷ್ಟನ್ನೂ ಓದಿ ಸಾರ ಬರೆದಿಟ್ಟ ತಾಳ್ಮೆಗೆ ಕೈ ಮುಗಿಯಬೇಕು.

ಎಲ್ಲಿ, ಯಾವ ಕಾಲದಲ್ಲಿ ಓದಿದಿರಿ ಎಂದು ಕೇಳುವುದಕ್ಕೂ ಕಾರಣವಿದೆ. ಜಾನ್ ವಿಂಡಮ್ ಅವರ ‘ದಿ ಕ್ರಾಕನ್ ವೇಕ್ಸ್’ 1953ರಲ್ಲಿ ಅಮೆರಿಕದಲ್ಲಿ ‘ಔಟ್ ಆಫ್ ದಿ ಡೀಪ್ಸ್’ ಆಯಿತು. ‘ದಿ ಕ್ರಿಸಲಿಡ್ಸ್’ ಅಲ್ಲಿ ‘ರೀ-ಬರ್ತ್’. ಊರು ತಪ್ಪಿದರೆ ಹೆಸರೂ ತಪ್ಪುತ್ತದೆ.

ಹುಡುಕಿದ ಮೇಲೆ ಪುಟ ತೆರೆದು ಖಾತ್ರಿ ಮಾಡಿಕೊಳ್ಳಬೇಕಲ್ಲ? ಅದಕ್ಕೆ ಟೊರಾಂಟೊದ ಸಾರ್ವಜನಿಕ ಗ್ರಂಥಾಲಯದಲ್ಲಿ ಮೆರಿಲ್ ಸಂಗ್ರಹವಿದೆ. ಲೇಖಕಿ, ಸಂಪಾದಕಿ ಜುಡಿತ್ ಮೆರಿಲ್ 1970ರಲ್ಲಿ ತಮ್ಮ ಸುಮಾರು 5000 ಪುಸ್ತಕ, ಪತ್ರಿಕೆಗಳನ್ನು ಕೊಟ್ಟು ಶುರುಮಾಡಿದ್ದು. ಇಲ್ಲಿನ ಪುಸ್ತಕಗಳನ್ನು ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ರದ್ದಿಗೆ ಹೋಗಬಹುದಾಗಿದ್ದ ಅಗ್ಗದ ಪೇಪರ್‌ಬ್ಯಾಕ್‌ಗಳನ್ನೂ ಜೋಪಾನ ಮಾಡುವುದೇ ಇಂಥ ಸಂಗ್ರಹಗಳ ದೊಡ್ಡ ಕೆಲಸ. ಜನ ಹುಡುಕಿ ಬರುವುದು ಹೆಚ್ಚಾಗಿ ಅಂಥವನ್ನೇ.

ಐಸಾಕ್ ಅಸಿಮೊವ್‌ಗೆ 1956ರ ತಮ್ಮ ‘ದಿ ಲಾಸ್ಟ್ ಕ್ವೆಶ್ಚನ್’ ಅತ್ಯಂತ ಪ್ರೀತಿಯ ಕಥೆ. ವಿಚಿತ್ರವೆಂದರೆ ಓದುಗರು ಅದರ ಹೆಸರನ್ನೇ ಮರೆಯುತ್ತಿದ್ದರು, ಕೆಲವೊಮ್ಮೆ ಬರೆದವರನ್ನೂ. ಕಥೆಯನ್ನು ಮಾತ್ರ ಮರೆಯುತ್ತಿರಲಿಲ್ಲ. ಒಮ್ಮೆ ದೂರದೂರಿನಿಂದ ಒಬ್ಬರು ಫೋನ್ ಮಾಡಿದರು. ನಿಮ್ಮದೇ ಇರಬೇಕು, ಒಂದು ಕಥೆ, ಹೆಸರು ನೆನಪಾಗುತ್ತಿಲ್ಲ ಎಂದು ಶುರುಮಾಡುತ್ತಿದ್ದಂತೆ ಅಸಿಮೊವ್ ನಡುವೆಯೇ ತಡೆದು ಹೆಸರು ಹೇಳಿದರು. ಆಮೇಲೆ ಕಥೆಯನ್ನೂ ವಿವರಿಸಿದರು. ಅದೇ ಕಥೆ.