ಹಲ್ಲಿನ ಮೇಲೆ ನಡೆಯುವ ರಾಸಾಯನಿಕ ಮಾತುಕತೆ

ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ರಾಜಾನುಕುಂಟೆಯಲ್ಲಿ ಸಂಜೆ ಕೆಲಸ ಬಿಟ್ಟವರು ಬೇಕರಿಯಲ್ಲಿ ಸಕ್ಕರೆ ಮುಂದಾದ ಟೀ ಕುಡಿದು, ಬನ್ನು ತಿಂದು ಮನೆ ಕಡೆ ಹೊರಡುತ್ತಾರೆ. ಅವರು ಮನೆ ತಲುಪುವ ಮೊದಲೇ ಹಲ್ಲಿನ ಮೇಲಿನ ತೆಳುಪದರದಲ್ಲಿ ಬ್ಯಾಕ್ಟೀರಿಯಾಗಳು ಆಮ್ಲ ತಯಾರಿಸಿರುತ್ತವೆ. ಅಲ್ಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಹಲ್ಲು ಹುಳುಕಾಗುವುದು ಹೀಗೆ.

ಈ ಪದರವೇ ಪ್ಲಾಕ್, ಅಂದರೆ ದಂತಪಾಚಿ. ಡೆಲ್ಫ್ಟ್ ಊರಿನ ಆಂಟನಿ ವಾನ್ ಲೀವನ್‌ಹುಕ್ 1683ರಲ್ಲಿ ತನ್ನ ಹಲ್ಲಿನ ಪಾಚಿಯನ್ನೇ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅದರಲ್ಲಿ ಓಡಾಡುವ ಜೀವಿಗಳಿವೆ ಎಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಆ ಜೀವಿಗಳು ಒಂದರೊಡನೊಂದು ಸುದ್ದಿ ಹಂಚಿಕೊಳ್ಳುತ್ತವೆ ಎಂಬುದು ತಿಳಿಯಲು ಇನ್ನೂ ಮುನ್ನೂರು ವರ್ಷ ಹಿಡಿಯಿತು.

ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿಗೆ ಅಂಟಿಕೊಳ್ಳುತ್ತವೆ. ಅವನ್ನು ಹಿಡಿದು ಮೊದಲು ನೆಲೆಯೂರುವವು ಕೆಲವು ಸ್ಟ್ರೆಪ್ಟೊಕಾಕಸ್ ಮತ್ತು ಆಕ್ಟಿನೊಮೈಸಿಸ್ ಜಾತಿಗಳು. ಇವುಗಳಿಗೆ ಫ್ಯೂಸೊಬ್ಯಾಕ್ಟೀರಿಯಂ ಕಚ್ಚಿಕೊಳ್ಳುತ್ತದೆ. ಅದನ್ನು ಹಿಡಿದು ವಸಡಿಗೆ ಕೇಡು ತರುವ ಪೊರ್ಫಿರೊಮೊನಾಸ್ ಬರುತ್ತದೆ.

ಗ್ರಾಮಸಭೆಯಲ್ಲಿ ಕೋರಂ ಆಗದೆ ನಿರ್ಣಯ ಆಗುವುದಿಲ್ಲವಲ್ಲ, ಬ್ಯಾಕ್ಟೀರಿಯಾಗಳದ್ದೂ ಅದೇ ಕ್ರಮ. ಪ್ರತಿಯೊಂದೂ ಸಣ್ಣ ಸಂಕೇತ ಅಣುಗಳನ್ನು ಹೊರಬಿಡುತ್ತದೆ. ಸಂಖ್ಯೆ ಹೆಚ್ಚಿದಂತೆ ಅಣುಗಳೂ ಸುತ್ತ ದಟ್ಟವಾಗುತ್ತವೆ. ಒಂದು ಮಟ್ಟ ದಾಟಿದೊಡನೆ ಎಲ್ಲವೂ ಒಟ್ಟಿಗೆ ನಡವಳಿಕೆ ಬದಲಿಸುತ್ತವೆ. 1994ರಿಂದ ಇದಕ್ಕೆ ಕೋರಂ ಸೆನ್ಸಿಂಗ್ ಎಂಬ ಹೆಸರಿದೆ.

ಹುಳುಕಿನ ಮುಖ್ಯ ಕಾರಣಗಳಲ್ಲಿ ಒಂದಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಪುಟ್ಟದೊಂದು ಪೆಪ್ಟೈಡನ್ನು ಸಂಕೇತವಾಗಿ ಬಿಡುತ್ತದೆ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಆ ಸಂಕೇತದ ಜೀನನ್ನು ಕೆಡಿಸಿ ನೋಡಿದಾಗ ಬ್ಯಾಕ್ಟೀರಿಯಾ ಬದುಕಿತು, ಆದರೆ ಅದು ಕಟ್ಟಿದ ಬಯೋಫಿಲ್ಮಿನ, ಅಂದರೆ ಪಾಚಿಪದರದ, ರಚನೆಯೇ ಕೆಟ್ಟಿತ್ತು. ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಸೋಜಿಗದ್ದು. ಜೊಲ್ಲನ್ನೇ ಆಹಾರವಾಗಿ ಕೊಟ್ಟಾಗ ಸ್ಟ್ರೆಪ್ಟೊಕಾಕಸ್ ಒರಾಲಿಸ್ ಮತ್ತು ಆಕ್ಟಿನೊಮೈಸಿಸ್ ಒಂಟಿಯಾಗಿ ಸೊರಗುತ್ತವೆ, ಜೊತೆಯಾದರೆ ಸೊಂಪಾಗಿ ಬೆಳೆಯುತ್ತವೆ. ಒರಾಲಿಸ್‌ಗೆ ಎಐ-2 ಎಂಬ ಸಂಕೇತ ತಯಾರಿಸಲು ಬಾರದಂತೆ ಮಾಡಿದರೆ ಆ ಸೊಂಪು ಹೋಗುತ್ತದೆ. ಹೊರಗಿನಿಂದ ಚೂರೇ ಚೂರು ಎಐ-2 ಬೆರೆಸಿದರೆ ಮರಳುತ್ತದೆ; ಹೆಚ್ಚು ಬೆರೆಸಿದರೆ ಮತ್ತೆ ಕುಗ್ಗುತ್ತದೆ. ಬೇರೆ ಬೇರೆ ಜಾತಿಗಳಿಗೂ ಅರ್ಥವಾಗುವ ಸಂಕೇತವದು.

ಸಕ್ಕರೆಯಿಂದ ಮ್ಯೂಟನ್ಸ್ ನೇಯುವ ಅಂಟಂಟು ಗ್ಲುಕಾನ್ ಈ ಕೂಟವನ್ನು ಭದ್ರಪಡಿಸುತ್ತದೆ. ಒಳಗಿರುವ ಬ್ಯಾಕ್ಟೀರಿಯಾಗಳಿಗೆ ಔಷಧಿ ಸುಲಭಕ್ಕೆ ನಾಟುವುದಿಲ್ಲ. ಹಲ್ಲಿನೊಳಗಿನ ಸೂಕ್ಷ್ಮ ನಾಳಗಳಲ್ಲಿ ಅವಿತ ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಾಂತಕ್ಷೇತ್ರದಿಂದ ಚಲಿಸುವ, ತಿರುಪಿನಾಕಾರದ ನ್ಯಾನೊಬಾಟ್‌ಗಳನ್ನು ರೂಪಿಸಿ 2022ರಲ್ಲಿ ವರದಿ ಮಾಡಿದ್ದಾರೆ. ಸಂಕೇತಗಳನ್ನೇ ಕೆಡಿಸುವ ಔಷಧಿಗಳ ಹುಡುಕಾಟವೂ ನಡೆದಿದೆ.

ಅವು ಸಿಗುವವರೆಗೆ ಬಾಯಿ ಮುಕ್ಕಳಿಸಿದರಷ್ಟೇ ಸಾಲದು, ಉಜ್ಜಲೇಬೇಕು. ಉಜ್ಜಿದಾಗ ಕೂಟ ಚದುರುತ್ತದೆ, ಅದನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ಉಜ್ಜುವುದು ಬೆಳಗಿನದಕ್ಕಿಂತ ಮುಖ್ಯ. ಪಾಚಿ ಗಟ್ಟಿಯಾಗಿ ಕಿಟ್ಟವಾದ ಮೇಲೆ ಬ್ರಷ್ಷಿಗೆ ಬಗ್ಗುವುದಿಲ್ಲ. ಆಗ ದಂತವೈದ್ಯರ ಬಳಿ ಹೋಗಿ ಸ್ವಚ್ಛ ಮಾಡಿಸಿಕೊಳ್ಳಿ. ನೋವು ಬರುವವರೆಗೆ ಕಾಯಬೇಡಿ.