ಗಣಕಯಂತ್ರದ ಅಟ್ಟ

ಹಳೆಯ ಮನೆಗಳಲ್ಲಿ ಅಟ್ಟವೆಂಬುದೊಂದುಂಟು. ಕಾಲು ಮುರಿದ ಕುರ್ಚಿ, ತಳ ಸೋರುವ ಕೊಡ, ಯಾರೋ ಓದಿ ಮುಗಿಸಿದ ಪಠ್ಯಪುಸ್ತಕ, ಹೀಗೆ ಮುಂದೆಂದಾದರೂ ಬೇಕಾದೀತೆಂದು ಮೇಲೇರಿಸಿದ ವಸ್ತುಗಳೆಲ್ಲ ಅಲ್ಲಿ ಸೇರುತ್ತವೆ. ಹಳೆಯ ಗಣಕಯಂತ್ರಗಳಲ್ಲಿಯೂ ಇಂಥದೊಂದು ಅಟ್ಟವಿರುತ್ತದೆ. ಆದರೆ ಅದಕ್ಕೆ ಏಣಿಯಿಲ್ಲ. ಮನೆಯ ಯಜಮಾನನಿಗೂ ಅಲ್ಲಿ ಸುಲಭವಾಗಿ ಪ್ರವೇಶವಿಲ್ಲ.

ಕಳೆದ ಬೇಸಿಗೆಯ ರಜೆಯಲ್ಲಿ ನಾನು ಊರಿಗೆ ಹೋದಾಗ ನಮ್ಮ ತಂದೆಯವರು ಎರಡು ದೂರುಗಳನ್ನು ಒಟ್ಟಿಗೆ ಮುಂದಿಟ್ಟರು. ಒಂದು, ಡಿಸ್ಕಿನಲ್ಲಿ ಸ್ಥಳವಿಲ್ಲವೆಂದು ಯಂತ್ರ ಪದೇ ಪದೇ ಹೇಳುತ್ತಿದೆ. ಇನ್ನೊಂದು, ವೈರಸ್ ನಿರೋಧಕ ತಂತ್ರಾಂಶವು ಪ್ರತಿದಿನವೂ ಅದೇ ರೋಗಗ್ರಸ್ತ ಫೈಲನ್ನು ತೋರಿಸಿ, ಅದನ್ನು ಅಳಿಸಲು ತನ್ನಿಂದಾಗದೆಂದು ಕೈಚೆಲ್ಲುತ್ತಿದೆ. ಆ ಯಂತ್ರವನ್ನು ಕೊಂಡದ್ದು 2005ರಲ್ಲಿ. ಅದರಲ್ಲಿರುವುದು ವಿಂಡೋಸ್ ಎಕ್ಸ್‌ಪಿ ಎಂಬ ಕಾರ್ಯವ್ಯವಸ್ಥೆ. 2001ರ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ಇದರ ಪೋಷಣೆಯನ್ನು ತಯಾರಕರು 2014ರ ಏಪ್ರಿಲ್ 8ರಂದು ನಿಲ್ಲಿಸಿದರು. ಆದಕಾರಣ ನಾವು ಈ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸುವುದಿಲ್ಲ. ವೈರಸ್ಸು ಬಂದದ್ದು ಯಾರದೋ ಪೆನ್‌ಡ್ರೈವಿನ ಮೂಲಕ.

ಇಷ್ಟು ಹಳೆಯ ಯಂತ್ರವನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ವಾಚಕರು ಕೇಳಬಹುದು. ತಂದೆಯವರು ಅದರಲ್ಲಿ ನಮ್ಮ ಕಡೆಯ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಿಸಿ ಇಟ್ಟಿದ್ದಾರೆ. ಆ ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಹಾಡುಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಪರಿವರ್ತಿಸುವ ಉಪಾಯಗಳು ಉಂಟು. ಆದರೆ ಅವರಿಗೆ ತಮ್ಮ ಹಳೆಯ ಯಂತ್ರದ ಮೇಲೆಯೇ ನಂಬಿಕೆ.

ಸ್ಥಳವೆಲ್ಲ ಎಲ್ಲಿಗೆ ಹೋಯಿತೆಂಬುದನ್ನು ಮೊದಲು ನೋಡಿದೆ. ಡಿಸ್ಕಿನ ಮೇಲೆ 40 ಗಿಗಾಬೈಟ್ ಎಂದು ಬರೆದಿದ್ದರೂ ಯಂತ್ರ ತೋರಿಸುವುದು ಸುಮಾರು 37.2 ಮಾತ್ರ. ಇದು ಮೋಸವಲ್ಲ. ಡಿಸ್ಕು ತಯಾರಿಸುವವರು ಗಿಗಾಬೈಟೆಂದರೆ ನೂರು ಕೋಟಿ ಬೈಟುಗಳೆಂದು ಎಣಿಸುತ್ತಾರೆ. ವಿಂಡೋಸಾದರೋ 2ರ ಮೂವತ್ತನೆಯ ಘಾತವನ್ನು, ಅಂದರೆ ಸುಮಾರು 107 ಕೋಟಿಯನ್ನು, ಒಂದು ಗಿಗಾಬೈಟೆಂದು ಎಣಿಸುತ್ತದೆ. ಮಾನ ಬೇರೆಯಾದರೆ ಸಂಖ್ಯೆಯೂ ಬೇರೆಯಾಗುವುದು ಸಹಜವಷ್ಟೆ. ಇದರಲ್ಲಿ 36.5 ಗಿಗಾಬೈಟ್ ಬಳಕೆಯಾಗಿತ್ತು. ಆದರೆ ಮರೆಯಲ್ಲಿದ್ದ ಫೈಲುಗಳೂ ಕಾಣುವಂತೆ ಮಾಡಿ, ಡಿಸ್ಕಿನಲ್ಲಿರುವ ಎಲ್ಲವನ್ನೂ ಆಯ್ದು ಮೊತ್ತ ಕೇಳಿದಾಗ ಬಂದದ್ದು 32 ಗಿಗಾಬೈಟಿನಷ್ಟು. ಪ್ರಯೋಗಶಾಲೆಯಲ್ಲಿ ದ್ರವ್ಯರಾಶಿಯ ಲೆಕ್ಕ ಕೂಡದಿದ್ದರೆ ಯಾವುದೋ ವಸ್ತು ನಮ್ಮ ಕಣ್ಣಿಗೆ ಬೀಳದೆ ಉಳಿದಿದೆಯೆಂದು ತಿಳಿಯುತ್ತೇವೆ. ಇಲ್ಲಿ ಕಾಣದೆ ಉಳಿದ ನಾಲ್ಕೂವರೆ ಗಿಗಾಬೈಟ್ ಅಡಗಿದ್ದುದು ‘ಸಿಸ್ಟಂ ವಾಲ್ಯೂಮ್ ಇನ್ಫರ್ಮೇಷನ್’ ಎಂಬ ಫೋಲ್ಡರಿನಲ್ಲಿ. ಅದೇ ನಾನು ಹೇಳಿದ ಅಟ್ಟ. ತೆರೆಯಹೋದರೆ ಪ್ರವೇಶ ನಿಷಿದ್ಧವೆಂಬ ಉತ್ತರ ಬರುತ್ತದೆ.

ಈ ಫೋಲ್ಡರನ್ನು ತುಂಬುವುದು ‘ಸಿಸ್ಟಂ ರಿಸ್ಟೋರ್’ ಎಂಬ ಏರ್ಪಾಡು. ಇದು 2000ದಲ್ಲಿ ವಿಂಡೋಸ್ ಮಿಲೆನಿಯಂ ಆವೃತ್ತಿಯಲ್ಲಿ ಮೊದಲು ಕಾಣಿಸಿಕೊಂಡು ಎಕ್ಸ್‌ಪಿಯಲ್ಲಿ ಮುಂದುವರಿಯಿತು. ಹೊಸ ತಂತ್ರಾಂಶವನ್ನೋ ಯಂತ್ರಭಾಗದ ಚಾಲಕವನ್ನೋ ಹಾಕಿದ ಮೇಲೆ ಗಣಕವು ಕೆಟ್ಟು ನಿಂತರೆ, ಹಿಂದಿನ ಒಂದು ಸುಸ್ಥಿತಿಗೆ ಅದನ್ನು ಮರಳಿಸುವುದು ಇದರ ಉದ್ದೇಶ. ಅಂಥ ಒಂದೊಂದು ಸ್ಥಿತಿಯನ್ನೂ ಮರುಸ್ಥಾಪನ ಬಿಂದು ಎಂದು ಕರೆಯೋಣ. ಯಂತ್ರ ಚಾಲನೆಯಲ್ಲಿದ್ದರೆ ಸಾಮಾನ್ಯವಾಗಿ 24 ಗಂಟೆಗೊಂದು ಬಿಂದು ತಾನಾಗಿಯೇ ಏರ್ಪಡುತ್ತದೆ. ದೊಡ್ಡ ಬದಲಾವಣೆಗಳಿಗೆ ಮುಂಚೆಯೂ ಏರ್ಪಡುತ್ತದೆ. ಒಂದು ಬಿಂದುವಿನ ಆಯುಸ್ಸು 90 ದಿನ. ದೊಡ್ಡ ಡಿಸ್ಕುಗಳಲ್ಲಿ ಇವಕ್ಕೆಲ್ಲ ಮೊದಲೇ ಗೊತ್ತುಮಾಡಿದ ಗರಿಷ್ಠ ಪಾಲು ಶೇಕಡ 12. ನಮ್ಮ 37.2ರಲ್ಲಿ ಶೇಕಡ 12ನ್ನು ಲೆಕ್ಕ ಹಾಕಿದರೆ ಸುಮಾರು 4.5 ಗಿಗಾಬೈಟ್ ಆಗುತ್ತದೆ. ಅಟ್ಟ ತುಂಬಿದ್ದು ಯಾವ ದೋಷದಿಂದಲೂ ಅಲ್ಲ. ಅದು ತನಗೆ ಕೊಟ್ಟ ಜಾಗವನ್ನೆಲ್ಲ ನಿಷ್ಠೆಯಿಂದ ಬಳಸಿಕೊಂಡಿತ್ತು, ಅಷ್ಟೆ.

ಅಟ್ಟದ ಹೋಲಿಕೆ ಇಲ್ಲಿಂದ ಮುಂದಕ್ಕೆ ಸಾಗದು. ಪ್ರತಿ ಬಿಂದುವೂ ಇಡೀ ಯಂತ್ರದ ಪೂರ್ಣ ಪ್ರತಿಯೆಂದು ಅನೇಕರು ಭಾವಿಸಿದ್ದಾರೆ. ಹಾಗಿದ್ದಲ್ಲಿ ನಾಲ್ಕೂವರೆ ಗಿಗಾಬೈಟಿನಲ್ಲಿ ಅವು ಎಷ್ಟು ತಾನೆ ಹಿಡಿದಾವು? ನಿಜವಾಗಿ ನಡೆಯುವುದು ಬೇರೆ. ಯಂತ್ರದ ಸೆಟ್ಟಿಂಗುಗಳ ದಫ್ತರವಾದ ರಿಜಿಸ್ಟ್ರಿಯ ಪ್ರತಿಯೊಂದನ್ನು ಬಿಂದುವಿನ ಆರಂಭದಲ್ಲಿ ತೆಗೆದಿಡಲಾಗುತ್ತದೆ. ಇನ್ನುಳಿದಂತೆ ಒಂದು ಕಾವಲು ಕಾರ್ಯಕ್ರಮವು ಸದಾ ಎಚ್ಚರವಿದ್ದು, ತಂತ್ರಾಂಶಕ್ಕೆ ಸೇರಿದ ಫೈಲೊಂದು ತಿದ್ದಲ್ಪಡುವ ಅಥವಾ ಅಳಿಸಲ್ಪಡುವ ಕ್ಷಣದಲ್ಲಿ ಅದರ ಹಳೆಯ ರೂಪವನ್ನು ಎತ್ತಿಡುತ್ತದೆ. ಎತ್ತಿಟ್ಟ ಫೈಲಿಗೆ ‘ಎ’ ಅಕ್ಷರವೂ ಏಳು ಅಂಕಿಗಳೂ ಕೂಡಿದ ಹೊಸ ಹೆಸರು ಕೊಟ್ಟು, ಮೂಲ ಹೆಸರನ್ನೂ ನೆಲೆಯನ್ನೂ ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ.

ಇದು ಮನೆಯ ಜಮಾಖರ್ಚಿನ ಪುಸ್ತಕದಂತೆ. ಇಂದು ಪೆಟ್ಟಿಗೆಯಲ್ಲಿ 500 ರೂಪಾಯಿ ಇದೆಯೆಂದು ಇಟ್ಟುಕೊಳ್ಳಿರಿ. ಯುಗಾದಿಯ ದಿನ ಎಷ್ಟಿತ್ತೆಂಬುದನ್ನು ತಿಳಿಯಬೇಕಾದರೆ ಇಂದಿನಿಂದ ಹಿಂದಕ್ಕೆ ನಡೆಯುತ್ತ, ಖರ್ಚನ್ನು ಕೂಡುತ್ತ, ಜಮೆಯನ್ನು ಕಳೆಯುತ್ತ ಹೋಗಬೇಕು. ನಡುವೆ ಒಂದು ಹಾಳೆ ಹರಿದುಹೋಗಿದ್ದರೆ ಅದಕ್ಕೂ ಹಿಂದಿನ ಹಾಳೆಗಳು ಎಷ್ಟೇ ಅಚ್ಚುಕಟ್ಟಾಗಿದ್ದರೂ ಲೆಕ್ಕ ಸಿಕ್ಕದು. ಮರುಸ್ಥಾಪನೆಯೂ ಹೀಗೆಯೇ ಹಿಮ್ಮುಖವಾಗಿ ನಡೆಯುತ್ತದೆ. ಆದ್ದರಿಂದ ಹೇಗಾದರೂ ಆ ಫೋಲ್ಡರಿನೊಳಕ್ಕೆ ನುಗ್ಗಿ, ದೊಡ್ಡದಾಗಿ ಕಂಡ ಒಂದೆರಡು ಉಪಫೋಲ್ಡರುಗಳನ್ನು ಕೈಯಿಂದ ಅಳಿಸುವುದು ಅವಿವೇಕ. ಒಂದನ್ನು ಅಳಿಸಿದವನು ಅದಕ್ಕಿಂತ ಹಳೆಯವನ್ನೆಲ್ಲ ನಿರುಪಯುಕ್ತಗೊಳಿಸಿರುತ್ತಾನೆ. ಅವು ಮಾತ್ರ ಜಾಗ ಆಕ್ರಮಿಸಿಕೊಂಡು ಅಲ್ಲಿಯೇ ಇರುತ್ತವೆ.

ವೈರಸ್ಸಿನ ರಹಸ್ಯವೂ ಇದರಲ್ಲಿಯೇ ಇದೆ. ನಿರೋಧಕ ತಂತ್ರಾಂಶವು ರೋಗಗ್ರಸ್ತ ಫೈಲನ್ನು ಅಳಿಸಿದಾಗ ಕಾವಲುಗಾರನಿಗೆ ಅದು ರೋಗವೋ ಆರೋಗ್ಯವೋ ತಿಳಿಯದು. ಅಳಿಯುತ್ತಿರುವುದು ತನ್ನ ಪಟ್ಟಿಗೆ ಸೇರಿದ ಬಗೆಯ ಫೈಲೆಂದು ಕಂಡು ಎತ್ತಿಟ್ಟುಬಿಡುತ್ತಾನೆ. ನಿರೋಧಕಕ್ಕೆ ಅಲ್ಲಿ ಅದು ಕಾಣುತ್ತದೆ, ಆದರೆ ಕೈಗೆ ಎಟುಕುವುದಿಲ್ಲ. ಆ ಯಂತ್ರವನ್ನು ಹಳೆಯ ಬಿಂದುವೊಂದಕ್ಕೆ ಮರಳಿಸದಿರುವವರೆಗೆ ಸೀಸೆಯಲ್ಲಿಟ್ಟ ವಿಷದಂತೆ ಅದು ಅಲ್ಲಿ ನಿಷ್ಕ್ರಿಯವಾಗಿಯೇ ಇರುತ್ತದೆ.

ಇಷ್ಟನ್ನು ವಿವರಿಸುತ್ತಿದ್ದಂತೆ ತಂದೆಯವರು, “ಹಾಗಾದರೆ ಅದನ್ನು ಖಾಲಿ ಮಾಡಿದರೆ ನನ್ನ ಹಾಡುಗಳೂ ಹೋಗುತ್ತವೇನಪ್ಪಾ?” ಎಂದರು. ನನಗೆ ಉತ್ತರ ಚೆನ್ನಾಗಿ ಗೊತ್ತಿತ್ತು; ಗೊತ್ತಾದ ಬಗೆ ಮಾತ್ರ ಸುಖಕರವಲ್ಲ. 2007ರಲ್ಲಿ ನಾನು ಪಿ.ಯು.ಸಿ. ವಿದ್ಯಾರ್ಥಿ. ರಸಾಯನಶಾಸ್ತ್ರದ ಟಿಪ್ಪಣಿಯೊಂದನ್ನು ಉಳಿಸುವಾಗ, ಅವರ ಹಾಡುಗಳಿದ್ದ ಫೈಲಿನ ಹೆಸರನ್ನೇ ಅವಸರದಲ್ಲಿ ಆಯ್ದು, ಅದರ ಮೇಲೆಯೇ ಬರೆದುಬಿಟ್ಟೆ. ಸಿಸ್ಟಂ ರಿಸ್ಟೋರ್ ಇದೆಯಲ್ಲಾ ಎಂದು ಧೈರ್ಯ ತಂದುಕೊಂಡು ಯಂತ್ರವನ್ನು ಮೂರು ದಿನ ಹಿಂದಕ್ಕೆ ಒಯ್ದೆ. ಕಾರ್ಯ ಸಫಲವಾಯಿತೆಂದು ಪರದೆ ಸಾರಿತು. ಫೈಲನ್ನು ತೆರೆದರೆ ಅಲ್ಲಿ ಇದ್ದುದು ಆಮ್ಲ ಪ್ರತ್ಯಾಮ್ಲಗಳ ಟಿಪ್ಪಣಿಯೇ. ಕಾವಲುಗಾರನ ಪಟ್ಟಿಯಲ್ಲಿ ಇರುವುದು ತಂತ್ರಾಂಶದ ಫೈಲುಗಳು ಮಾತ್ರ. ನಾವು ಬರೆದ ಬರಹಗಳೂ ತೆಗೆದ ಚಿತ್ರಗಳೂ ಅದರಲ್ಲಿ ಇಲ್ಲ. ಯಂತ್ರವನ್ನು ಹಿಂದಕ್ಕೆ ಒಯ್ಯುವಾಗ ಬಳಕೆದಾರನ ಹೊಸ ಬರಹಗಳು ಕಳೆದುಹೋಗಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಹಾಗೆ ಏರ್ಪಡಿಸಿದ್ದಾರೆ. ಅದೇ ಕಾರಣದಿಂದ ಹಳೆಯ ಬರಹ ಮರಳಿ ಬರುವುದೂ ಇಲ್ಲ. ಹಾಡುಗಳಲ್ಲಿ ಹೆಚ್ಚಿನವು ತಂದೆಯವರ ಕೈಬರಹದ ಪುಸ್ತಕದಲ್ಲಿದ್ದುವು. ಅಜ್ಜಿ ಪಕ್ಕದಲ್ಲಿ ಕುಳಿತು ಹೇಳಿದಂತೆ ನೇರವಾಗಿ ಬೆರಳಚ್ಚಿಸಿದ ಹನ್ನೊಂದು ಹಾಡುಗಳು ಮಾತ್ರ ಎಲ್ಲಿಯೂ ಇರಲಿಲ್ಲ. ಅಜ್ಜಿ ಹಿಂದಿನ ವರ್ಷವೇ ತೀರಿಕೊಂಡಿದ್ದರು. ತಂದೆಯವರು ನನ್ನನ್ನು ಬೈಯಲಿಲ್ಲ.

ಆದುದರಿಂದ ಈ ಬಾರಿ ಕೆಲಸವನ್ನು ಹಾಡುಗಳಿಂದಲೇ ಆರಂಭಿಸಿದೆ. ಅವನ್ನು ಫಾಂಟಿನೊಡನೆ ಎರಡು ಹೊಸ ಪೆನ್‌ಡ್ರೈವುಗಳಿಗೆ ಪ್ರತಿಮಾಡಿ, ಒಂದನ್ನು ನನ್ನ ಚೀಲದಲ್ಲಿಟ್ಟುಕೊಂಡೆ. ಪೆನ್‌ಡ್ರೈವುಗಳಿಗೆ ವೈರಸ್ಸು ಅಂಟಿರಬಹುದಾದ್ದರಿಂದ ಬೇರೊಂದು ಯಂತ್ರದಲ್ಲಿ ಅವನ್ನು ಪರೀಕ್ಷಿಸಿದ್ದೂ ಆಯಿತು. ಅನಂತರ ಬಳಕೆಯಲ್ಲಿರುವ ಫೈಲುಗಳನ್ನೆಲ್ಲ ನಿರೋಧಕದಿಂದ ಶುಚಿಗೊಳಿಸಿ, ಯಂತ್ರ ಸರಿಯಾಗಿ ಓಡುವುದನ್ನು ಖಚಿತಪಡಿಸಿಕೊಂಡೆ. ಸಿಸ್ಟಂ ರಿಸ್ಟೋರನ್ನು ಮೊದಲೇ ಆರಿಸಿಬಿಡಬೇಕೆಂದು ಕೆಲವರು ಹೇಳುವುದುಂಟು. ನನಗೆ ಅದು ಒಪ್ಪಿಗೆಯಿಲ್ಲ. ಆರಿಸಿದೊಡನೆ ಬಿಂದುಗಳೆಲ್ಲ ಅಳಿಯುತ್ತವೆ. ಶುಚಿಗೊಳಿಸುವಾಗ ಯಂತ್ರವೇ ಕೆಟ್ಟುನಿಂತರೆ ಹಿಂದಿರುಗಲು ದಾರಿಯಿರದು. ರೋಗಸಹಿತವಾದ ದಾರಿಯೂ ದಾರಿಯಿಲ್ಲದಿರುವುದಕ್ಕಿಂತ ಮೇಲು.

ಶುಚಿಯಾದ ಮೇಲೆ ಒಂದು ಹೊಸ ಬಿಂದುವನ್ನು ನಾನೇ ಏರ್ಪಡಿಸಿದೆ. ಅಳಿಸಿದ ವೈರಸ್ ಫೈಲುಗಳು ಇದಕ್ಕೆ ಹಿಂದಿನ ಬಿಂದುವಿನ ಖಾತೆಗೆ ಸೇರಿರುವುದರಿಂದ ಹೊಸದು ನಿರ್ಮಲವಾಗಿರುತ್ತದೆ. ಬಳಿಕ ‘ಡಿಸ್ಕ್ ಕ್ಲೀನಪ್’ನ ‘ಮೋರ್ ಆಪ್ಷನ್ಸ್’ ಎಂಬ ಪುಟಕ್ಕೆ ಹೋಗಿ, ಕೊನೆಯದೊಂದನ್ನುಳಿದು ಮಿಕ್ಕ ಬಿಂದುಗಳನ್ನೆಲ್ಲ ಅಳಿಸಲು ಆಜ್ಞೆ ಕೊಟ್ಟೆ. ಕೆಲವೇ ನಿಮಿಷಗಳಲ್ಲಿ ನಾಲ್ಕು ಗಿಗಾಬೈಟಿಗೂ ಮಿಗಿಲಾದ ಸ್ಥಳ ತೆರವಾಯಿತು. ‘ಮೈ ಕಂಪ್ಯೂಟರ್’ನ ಗುಣವಿವರಗಳಲ್ಲಿ ಸಿಸ್ಟಂ ರಿಸ್ಟೋರಿನ ಪಾಲನ್ನು ಶೇಕಡ 12ರಿಂದ 4ಕ್ಕೆ ಇಳಿಸಿದೆ. ತೀರ ಇಕ್ಕಟ್ಟಾಗುವಂತೆ ಬಿಟ್ಟರೂ ತೊಂದರೆಯೇ. ಡಿಸ್ಕಿನಲ್ಲಿ ಖಾಲಿ ಜಾಗ 50 ಮೆಗಾಬೈಟಿಗಿಂತ ಕಡಮೆಯಾದರೆ ಈ ಏರ್ಪಾಡು ತನ್ನ ಬಿಂದುಗಳನ್ನು ತೊರೆದು ಕೆಲಸವನ್ನೇ ನಿಲ್ಲಿಸುತ್ತದೆ, 200 ಮೆಗಾಬೈಟ್ ತೆರವಾಗುವವರೆಗೆ ಮತ್ತೆ ಏಳುವುದಿಲ್ಲ.

ವಿಸ್ತಾದಿಂದ ಮುಂದಿನ ವಿಂಡೋಸುಗಳಲ್ಲಿ ಈ ಕೆಲಸ ಫೈಲುಗಳ ಲೆಕ್ಕದಲ್ಲಿ ನಡೆಯದೆ ಡಿಸ್ಕಿನ ತುಣುಕುಗಳ ಲೆಕ್ಕದಲ್ಲಿ ನಡೆಯುತ್ತದೆ. ಅದು ಬೇರೊಂದು ಲೇಖನಕ್ಕೆ ತಕ್ಕ ವಿಷಯ. ಹೊರಡುವ ದಿನ ಬೆಳಿಗ್ಗೆ ತಂದೆಯವರು ಎರಡನೆಯ ಪೆನ್‌ಡ್ರೈವಿಗೆ ಚೀಟಿ ಅಂಟಿಸಿ, ಅಜ್ಜಿಯ ಹೆಸರು ಬರೆದು, ದೇವರ ಮನೆಯ ಗೂಡಿನಲ್ಲಿ ಇಡುತ್ತಿದ್ದರು.