ಕಡಲಿಗಿಳಿಯುವ ಮುನ್ನ

ರಜೆ ಬಂದಿತೆಂದರೆ ಬಯಲುಸೀಮೆಯವರ ಮನಸ್ಸು ಪಡುವಣದತ್ತ ತಿರುಗುವುದು ಸಹಜ. ಹಿಂದೆ ಕಡಲನ್ನು ಕಂಡು, ಕಾಲು ತೋಯಿಸಿ, ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಯಾತ್ರೆ ಸಾರ್ಥಕವಾಗುತ್ತಿತ್ತು. ಇಂದಿನ ತರುಣರಿಗೆ ಅಷ್ಟು ಸಾಲದು. ಹಲಗೆಯೇರಿ ಅಲೆಯ ಮೇಲೆ ನಿಲ್ಲಬೇಕು. ನೀರಿನಡಿಯ ಲೋಕವನ್ನು ಕಣ್ಣಾರೆ ಕಾಣಬೇಕು. ಈ ಬಯಕೆ ಮೆಚ್ಚತಕ್ಕದ್ದೇ. ಆದರೆ ಯಾವ ಆಟಕ್ಕೆ ಯಾವ ತೀರ, ಯಾವ ಕಾಲ ಎಂಬ ವಿವೇಕವೂ ಅದರೊಡನೆ ಇರಬೇಕು. ನಮ್ಮ ಕರಾವಳಿ 300 ಕಿಲೋಮೀಟರಿಗೂ ಮಿಕ್ಕಿ ಹಬ್ಬಿದೆ. ಕಡಲು ಒಂದೇ ಆದರೂ ಅದರ ಸ್ವಭಾವ ಊರೂರಿಗೆ ಬೇರೆ.

ಅಲೆಯಾಟ ಬಯಸುವವರಿಗೆ ಮೂಲ್ಕಿಯ ಆಸುಪಾಸು ತಕ್ಕ ಎಡೆ. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆಯ ಬಳಿಯ ಸಸಿಹಿತ್ಲು ತೀರದಲ್ಲಿ 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆಯಿತು. ಅಲೆಗೆ ಅಳುಕುವವರು ಅಲ್ಲಿಯೇ ಶಾಂಭವಿಯ ಹಿನ್ನೀರಿನಲ್ಲಿ ಕಯಾಕ್ ದೋಣಿಗೆ ಹುಟ್ಟು ಹಾಕುತ್ತ ಹಾಯಾಗಿ ಸಾಗಬಹುದು.

ಮುಳುಗುಗಾರಿಕೆಗೆ ಬೇಕಾದುದು ಅಲೆಯಲ್ಲ, ತಿಳಿನೀರು. ಹೊಳೆಗಳು ಕೆಸರು ತಂದು ಸುರಿಯುವ ದಡದಲ್ಲಿ ಅದು ಸಿಗದು. ಆದುದರಿಂದಲೇ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಅಷ್ಟು ಹೆಸರು. ಮಳೆಗಾಲದ ರಾಡಿ ತಿಳಿಯಾದ ಮೇಲೆ, ಚಳಿಗಾಲದ ತಿಂಗಳುಗಳಲ್ಲಿ, ಅಲ್ಲಿಯ ಬಂಡೆಗಳ ನಡುವೆ ಹವಳವನ್ನೂ ಬಣ್ಣದ ಮೀನುಗಳನ್ನೂ ಕಾಣಬಹುದು. ಮಕ್ಕಳುಮರಿಗಳೊಡನೆ ಹೋಗುವವರು ಪಡುಬಿದ್ರಿಯನ್ನೋ ಹೊನ್ನಾವರದ ಕಾಸರಕೋಡನ್ನೋ ನೆನೆಯಬಹುದು. ನೀರಿನ ನೈರ್ಮಲ್ಯವನ್ನೂ ಸ್ನಾನಿಗರ ಸುರಕ್ಷತೆಯನ್ನೂ ಪರೀಕ್ಷಿಸಿ ಕೊಡುವ 'ಬ್ಲೂ ಫ್ಲ್ಯಾಗ್' ಮನ್ನಣೆ ಇವೆರಡಕ್ಕೂ 2020ರಲ್ಲಿ ದೊರೆಯಿತು.

ಎಡೆಗಿಂತ ಕಾಲದ ಆಯ್ಕೆ ಹೆಚ್ಚಿನದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಡುಗಡಲಿನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನಿನ ಸಂತಾನಕ್ಕೆ ಬಿಡುವು, ಮೀನುಗಾರನ ಪ್ರಾಣಕ್ಕೆ ರಕ್ಷೆ, ಎರಡೂ ಅದರಿಂದ ಆಗುತ್ತವೆ. ಕಡಲನ್ನೇ ನಂಬಿ ಬಾಳುವವರು ದೋಣಿಯನ್ನು ದಡಕ್ಕೆಳೆದಿರುವಾಗ ಪ್ರವಾಸಿ ನೀರಿಗಿಳಿಯುವುದು ಸಾಹಸವೆನಿಸದು.

ಶಾಂತವಾಗಿ ತೋರುವ ದಿನಗಳಲ್ಲೂ ಒಂದು ಅಪಾಯ ಅಡಗಿರುತ್ತದೆ. ಅಲೆಗಳು ದಡಕ್ಕೆ ತಂದ ನೀರು ಮರಳುದಿಬ್ಬಗಳ ನಡುವಣ ಕಿರಿದಾದ ದಾರಿ ಹಿಡಿದು ರಭಸದಿಂದ ಹಿಂದಿರುಗುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದು ಕಡಮೆ. ಅರಿಯದವರು ಅದನ್ನೇ ಸುರಕ್ಷಿತವೆಂದು ಬಗೆಯುತ್ತಾರೆ. ಸೆಳೆತಕ್ಕೆ ಸಿಕ್ಕವನು ದಡದತ್ತ ನೇರವಾಗಿ ಈಜಿದರೆ ದಣಿಯುವನು. ತೀರಕ್ಕೆ ಸಮಾನಾಂತರವಾಗಿ ಈಜಿ ಸೆಳೆತವನ್ನು ದಾಟಿ, ಬಳಿಕ ದಡಕ್ಕೆ ತಿರುಗಬೇಕು. ಈಜಲಾರದವನು ತೇಲುತ್ತ ಕೈಯೆತ್ತಿ ನೆರವು ಕೋರಬೇಕು.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಬಾಲಕಿಯರು ಕಡಲಪಾಲಾದರು. ಮಕ್ಕಳನ್ನು ತೀರಕ್ಕೆ ಕರೆದೊಯ್ಯುವ ಉಪಾಧ್ಯಾಯರು ಬಸ್ಸಿನ ಬಾಡಿಗೆ, ಊಟದ ಏರ್ಪಾಡು ವಿಚಾರಿಸುವ ಮೊದಲು ಆ ತೀರದಲ್ಲಿ ಜೀವರಕ್ಷಕರಿರುವರೇ, ಸ್ನಾನಕ್ಕೆ ಗುರುತಿಸಿದ ಎಲ್ಲೆ ಯಾವುದು ಎಂಬುದನ್ನು ವಿಚಾರಿಸಲಿ. ಆಟದ ತರುಣರು ಜೀವರಕ್ಷಕ ಅಂಗಿ ತೊಡಿಸದೆ ದೋಣಿ ಹತ್ತಿಸುವವನಿಂದ ದೂರವಿರಲಿ. ಇಷ್ಟರ ಮೇಲೆ ಸಂದೇಹ ಉಳಿದರೆ ದಡದಲ್ಲಿ ಬಲೆ ಹೆಣೆಯುತ್ತ ಕುಳಿತ ಮುದುಕನನ್ನು ಕೇಳಿ. ಇಂದು ಇಳಿಯಬೇಡಿರೆಂದು ಅವನು ಹೇಳಿದರೆ, ದಡದಲ್ಲಿ ಕುಳಿತು ಕಡಲನ್ನು ನೋಡುವ ಹಳೆಯ ಸುಖ ಇದ್ದೇ ಇದೆ.